ಜರಿಯ ಕಾವೇರಿ, ಜರಿಯ ಕಪಿಲೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಟಿ. ನರಸೀಪುರದ, ಅಂದರೆ ತಿರುಮಕೂಡಲು ನರಸೀಪುರದ, ಒಂದು ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್. ಹೊಲಿಗೆ ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಮಾತು ಬಂತು. "ಹೊಲಿಗೇಲಿ ಏನಿದೆ ವಿಜ್ಞಾನ?" ಎಂದರು ಹೆಡ್‌ಮಾಸ್ಟರು. ನನಗೋ ಮೂಗಿನ ತುದಿಯಲ್ಲೇ ಕೋಪ. ವಿಜ್ಞಾನ ಪ್ರದರ್ಶನಕ್ಕೆ ನನ್ನ ಹುಡುಗಿಯರನ್ನೂ ಕಳಿಸಿ, ತೋರಿಸುತ್ತೇನೆ ಎಂದುಬಿಟ್ಟೆ. ಬಹುಮಾನ ಬಂದರೆ ಪೀರಿಯಡ್ ಉಳಿಯುತ್ತದೆ ಎಂದು ಅವರು ನಗುತ್ತಲೇ ಒಪ್ಪಿದರು.

ನಂಜನಗೂಡಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ನನ್ನ ತಮ್ಮ ಹಿಂದೊಮ್ಮೆ ಹೇಳಿದ್ದ, ಅಸಲಿ ಜರಿಯಲ್ಲಿ ಬೆಳ್ಳಿ ಇರುವುದರಿಂದ ಕರೆಂಟು ಹರಿಯುತ್ತದೆ ಅಂತ. ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ಪ್ಲಾಸ್ಟಿಕ್ ಜರಿ. ಕೊನೆಗೆ ನನ್ನ ಧಾರೆ ಸೀರೆಯ ಸೆರಗಿನ ಜರಿಯನ್ನೇ ಬಿಚ್ಚಿದೆ. ಬಿಚ್ಚಲು ಮನಸ್ಸೇ ಇರಲಿಲ್ಲ, ಸುಳ್ಳು ಹೇಳುವುದಿಲ್ಲ.

ಹುಡುಗಿಯರು ಬಟ್ಟೆಯ ಮೇಲೆ ನಮ್ಮ ಸೀಮೆಯ ನಕ್ಷೆ ಕಸೂತಿ ಹಾಕಿದರು. ಹಸಿರು ದಾರದಲ್ಲಿ ಗದ್ದೆ, ತಲಕಾಡಿಗೆ ಮರಳಿನ ಬಣ್ಣ, ಬನ್ನೂರಿನ ಕಡೆಯಿಂದ ಕಾವೇರಿ, ನಂಜನಗೂಡಿನಿಂದ ಕಪಿಲೆ. ಈ ಎರಡು ನದಿಗೆ ಮಾತ್ರ ಜರಿ. ಸೆಲ್ಲಿನ ಒಂದು ತುದಿ ಕಾವೇರಿಗೆ, ಇನ್ನೊಂದು ಕಪಿಲೆಗೆ. ರವಿಕೆಯ ಪ್ರೆಸ್ ಬಟನ್ನೇ ಸ್ವಿಚ್ಚು. ನದಿಗಳು ಕೂಡುವ ನಮ್ಮ ಊರಿನ ಮೇಲೆ ಪುಟ್ಟ ಕೆಂಪು ದೀಪ. ಅದು ಹತ್ತಲೇ ಇಲ್ಲ.

ತಮ್ಮ ಬಂದು ನೋಡಿದ. "ಅಕ್ಕಾ, ಎರಡು ನದೀನೂ ಮುಟ್ಟುಸ್ಬುಟ್ಟಿದ್ದೀಯ. ಕರೆಂಟು ದೀಪುಕ್ಕೆ ಓಗ್ದೆ ಅಲ್ಲೇ ದಾಟ್ಕೊಂಡು ಓಯ್ತದೆ. ಒಂದು ಬೆರಳಗಲ ಜಾಗ ಬುಡು."

"ನದಿ ಕೂಡ್ದೇ ಓದ್ರೆ ತಿರುಮಕೂಡಲು ಎಂಗಾಯ್ತದ್ಲಾ? ನೋಡ್ದೋರು ನಗಲ್ವಾ?" ಎಂದು ರೇಗಿದೆ. ಪ್ರದರ್ಶನಕ್ಕೆ ಒಂದೇ ದಿನ ಉಳಿದಿತ್ತು.

ಕ್ಲಾಸಿನಲ್ಲಿ ಎಂದೂ ಬಾಯಿ ಬಿಡದ ಒಬ್ಬ ಹುಡುಗಿ ಆಗ ಮೆಲ್ಲಗೆ ಹೇಳಿದಳು: "ಮಿಸ್, ಅಲ್ಲಿ ಕೂಡೋದು ಮೂರು ನದಿ ಅಂತಾರೆ ನಮ್ಮಜ್ಜಿ. ಕಣ್ಗೆ ಕಾಣ್ದಿರೋ ಮೂರ್ನೇದ್ನ ನಾವು ಹಾಕೇ ಇಲ್ವಲ್ಲ. ಬುಟ್ಟ ಜಾಗ್ದಲ್ಲಿ ದೀಪ ಇಟ್ರೆ ಅದೇ ಆಯ್ತದೆ."

ಬ್ಲೇಡು ತೆಗೆದುಕೊಂಡು ಸಂಗಮವನ್ನು ಕತ್ತರಿಸಿದೆ. ದೀಪದ ಒಂದು ಕಾಲನ್ನು ಕಾವೇರಿಗೂ ಇನ್ನೊಂದನ್ನು ಕಪಿಲೆಗೂ ಹೊಲಿದೆವು. ಹತ್ತಿತು. ನಾನೂ ಹುಡುಗಿಯರ ಜೊತೆ ಕುಣಿದೆ, ನಾಚಿಕೆಯೇನೂ ಆಗಲಿಲ್ಲ.

ಪ್ರದರ್ಶನದಲ್ಲಿ ತೀರ್ಪುಗಾರರೊಬ್ಬರು ನಕ್ಷೆಯತ್ತ ಬಗ್ಗಿ, "ಮೂರನೇದು ಎಲ್ಲಮ್ಮಾ?" ಎಂದರು. ಆ ಹುಡುಗಿ ಬಟನ್ ಒತ್ತಿದಳು. ಅವರು ಮತ್ತೆ ಮತ್ತೆ ಒತ್ತಿಸಿಕೊಂಡು ನೋಡಿದರು. ಎರಡನೇ ಬಹುಮಾನ ನಮಗೇ ಬಂತು.

ಸೋಮವಾರ ಹೊಲಿಗೆ ಪೀರಿಯಡ್ಡಿಗೆ ಹೆಡ್‌ಮಾಸ್ಟರು ತಾವೇ ಬಂದು ಬೆಂಚಿನ ಮೇಲೆ ಕೂತರು. ದೀಪ ಹೊಲಿಯುವುದು ಹೇಗೆ ಎಂದು ಆ ಹುಡುಗಿಯನ್ನೇ ಕೇಳಿದರು. ಅವಳು ಸೂಜಿ ಕೊಟ್ಟು, "ಮೊದ್ಲು ದಾರ ಪೋಣ್ಸಿ ಸಾ" ಎಂದಳು. ಅವರು ಕನ್ನಡಕ ಸರಿಮಾಡಿಕೊಂಡು, ದಾರದ ತುದಿಯನ್ನು ನಾಲಿಗೆಗೆ ತಾಕಿಸಿ, ಪೀರಿಯಡ್ ಮುಗಿಯುವವರೆಗೂ ಪೋಣಿಸುತ್ತಲೇ ಇದ್ದರು.