ಕಾಲಿಗೆ ಒಂದಿಷ್ಟು ನೀರು

ಹೋದ ವರ್ಷ ದೀಪಾವಳಿ ಮುಗಿಯುತ್ತಲೇ ನೆಂಟರ ಮೂಲಕ ಮಗಳಿಗೆ ಕರಜಗಿ ಹಳ್ಳಿಯ ಸಂಬಂಧ ಬಂತು. ಹುಡುಗನಿಗೆ ನಮ್ಮ ಸೊಲ್ಲಾಪುರದಲ್ಲೇ ಪಂಪ್‌ಸೆಟ್ ಅಂಗಡಿ. ಫೋಟೋ ನೋಡಿದ ಮಗಳು ಎಂದೂ ಇಲ್ಲದಂತೆ ಸುಮ್ಮನಾದಳು. ಹಾಗೆಂದರೆ ಒಪ್ಪಿಗೆ ಎಂದಳು ಹೆಂಡತಿ. ಅಷ್ಟರಲ್ಲಿ ಯಾರೋ, ಹುಡುಗ ಸಂಜೆ ಪೂಲ್ ಆಡಲು ಹೋಗುತ್ತಾನೆ ಎಂದರು. ಚಿಂತೆ ನನ್ನ ಹುಟ್ಟುಗುಣ. ಪೂಲ್ ಎಂದರೆ ಜೂಜು, ಜೂಜೆಂದರೆ ಕುಡಿತ, ಕುಡಿತವೆಂದರೆ ಪೊಲೀಸು. ಮದುವೆಗೆ ಮೊದಲೇ ಮನಸ್ಸಿನಲ್ಲಿ ಮಗಳನ್ನು ತವರಿಗೆ ವಾಪಸು ಕರೆತಂದಾಗಿತ್ತು.

ಯಾರಿಗೂ ಹೇಳದೆ, ಹುಡುಗ ಎಂಥವನೆಂದು ಚೌಕಶಿ ಮಾಡಲು ಹೊರಟೆ. ನವಿ ಪೇಠದ ನಮ್ಮ ಬಟ್ಟೆ ಅಂಗಡಿಗೆ ಹತ್ತಿರದಲ್ಲೇ, ಮಾಳಿಗೆಯ ಮೇಲೆ ಆ ಪೂಲ್ ಹಾಲ್. ಹುಡುಗ ಇನ್ನೂ ಬಂದಿರಲಿಲ್ಲ. ಬೇರೆ ಕೆಲವರು ಮೇಜಿನ ಮೇಲೆ ಕೋಲಿನಿಂದ ಬಣ್ಣದ ಚೆಂಡು ಹೊಡೆಯುತ್ತಿದ್ದರು. ಬೆಂಚಿನ ತುದಿಯಲ್ಲಿ ಧೋತರ, ಬಿಳಿ ಟೋಪಿಯ ಹಿರಿಯರೊಬ್ಬರು ಮುದುಡಿ ಕೂತಿದ್ದರು. ನನ್ನನ್ನು ನೋಡಿ ಮೆಲ್ಲಗೆ ಕೇಳಿದರು:

"ಪ್ಯಾಟಿ ಮಂದಿ ಕಾಣ್ತೀರಿ. ಇಂಥಾ ಜಾಗಾ ಚಲೋ ಇರ್ತಾವೇನ್ರಿ? ನಮ್ಮ ಹುಡುಗ ಇಲ್ಲಿ ಬರ್ತಾನಂತ."

ನನಗೂ ಅದೇ ಹೆದರಿಕೆ ಎನ್ನಬಹುದಿತ್ತು. ಎನ್ನಲಿಲ್ಲ. ಮೇಜಿನ ಹಸಿರು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, ಇದು ಮಿಕ್ಸ್ ಮಾಲು, ಪುಣೆಯಲ್ಲಿ ಅಪ್ಪಟ ಉಣ್ಣೆ ಹಾಸುತ್ತಾರೆ ಎಂದೆ. ಕೈ ತೆಗೀರಿ ಕಾಕಾ ಎಂದ ಆಡುತ್ತಿದ್ದವ. ಕೈ ತೆಗೆದೆ, ಮಾತು ನಿಲ್ಲಿಸಲಿಲ್ಲ. ಪುಣೆಯ ಹಾಲ್‌ಗಳಲ್ಲಿ ಎಸಿ, ಪಿಸುಮಾತು, ದೊಡ್ಡ ಮನೆತನದವರು. ಮುಂಬೈಯಲ್ಲಂತೂ ಬೂಟು ಹಾಕಿದವರನ್ನಷ್ಟೇ ಬಿಡುತ್ತಾರೆ ಎಂದೆಲ್ಲ ವರ್ಣಿಸಿದೆ. ನಿಜವೆಂದರೆ, ಪುಣೆಯದರಲ್ಲಿ ಒಮ್ಮೆ ಮಳೆಗೆ ನಿಂತಿದ್ದೆ. ಮುಂಬೈಯದನ್ನು ಗಾಜಿನಾಚೆಯಿಂದ ನೋಡಿದ್ದೆ. ಕಾವಲುಗಾರ ನನ್ನ ಚಪ್ಪಲಿ ನೋಡಿ ಹೊರಗೇ ತಡೆದಿದ್ದ.

"ಇಲ್ಲಿ ಬರೋರು ಯಾರ್ರಿ? ಕರಜಗಿ, ತಡವಳ ಕಡಿ ಮಂದಿ. ಕಾಲು ಸೈತ ತೊಳಕೊಳ್ಳಂಗಿಲ್ಲ," ಎಂದೂ ಸೇರಿಸಿದೆ. ತಲೆಯಲ್ಲಿ ಕರಜಗಿಯೇ ಕೂತಿತ್ತಲ್ಲ.

ಹಿರಿಯರು ತಮ್ಮ ಪಾದ ನೋಡಿಕೊಂಡರು. ನಾನು ಬಂದ ಕೆಲಸವನ್ನೇ ಮರೆತು, ಗೆದ್ದವನಂತೆ ಮೆಟ್ಟಿಲಿಳಿದೆ.

ಮುಂದಿನ ರವಿವಾರ ಹುಡುಗಿ ನೋಡಲು ಬಂದರು. ಹುಡುಗನ ಹಿಂದೆ ಅದೇ ಧೋತರ, ಅದೇ ಟೋಪಿ. ಅವನ ತಂದೆ. ಸಂಬಂಧ ಮುರಿಯಿತು, ಅದೂ ನನ್ನ ಬಾಯಿಂದಲೇ ಎಂದುಕೊಂಡೆ. ಒಳಗೆ ಮಗಳು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಅವರು ಹೊಸ್ತಿಲಾಚೆಯೇ ನಿಂತು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು:

"ಯಜಮಾನ್ರ, ಕಾಲಿಗೆ ಒಂದೀಟು ನೀರು ಕೊಡ್ರಿ. ತೊಳಕೊಂಡ ಒಳಗ ಬರ್ತೀನಿ."

ನಾನೇ ತಂಬಿಗೆ ತಂದು ಸುರಿದೆ. ನೀರು ಅವರ ಪಾದಕ್ಕಿಂತ ನನ್ನ ಧೋತರದ ಮೇಲೇ ಹೆಚ್ಚು ಚೆಲ್ಲಿತು. ಚಹಾ ಮುಗಿದ ಮೇಲೆ ಹುಡುಗಿ ಪಸಂದ ಅದಾಳ ಎಂದರು. ಪೂಲ್ ಹಾಲಿನ ಸುದ್ದಿ ಎತ್ತಲೇ ಇಲ್ಲ, ಅಂದೂ, ಇಂದಿಗೂ.

ಮದುವೆಯಾಯಿತು. ಅಳಿಯ ಈಗಲೂ ಪೂಲ್ ಆಡುತ್ತಾನೆ, ಮಗಳೂ ಕಲಿತಿದ್ದಾಳೆ. ಕರಜಗಿಗೆ ಹೋದಾಗೆಲ್ಲ ಬೀಗರೇ ಅಂಗಳದಲ್ಲಿ ತಂಬಿಗೆ ಹಿಡಿದು ನಿಂತಿರುತ್ತಾರೆ. ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಾಲು ತೊಳೆಯುತ್ತೇನೆ. ತಲೆ ಎತ್ತಿದರೆ ಅವರ ಮುಖ ನೋಡಬೇಕಲ್ಲ.