ಒಂಬತ್ತಕ್ಕಿಂತ ಮುಂದೆ ನೂರಾ ನಾಲ್ಕು

ತೇಜಶ್ರೀ ಮೋಸಗಾತಿ ಎಂದು ಅವತ್ತು ಅರ್ಧ ಊರೇ ತೀರ್ಮಾನಿಸಿಬಿಟ್ಟಿತ್ತು. ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಷಡಕ್ಷರಿ, ಕಟ್ಟಾಯದ ಕಡೆ ಒಂದು ರೈತರ ಸಂಘದ ಗೋಡೌನ್ ನೋಡಿಕೊಳ್ಳುವವನು. ಆ ಹುಡುಗಿ ಅಲ್ಲೇ ಕಂಪ್ಯೂಟರ್ ಮುಂದೆ ಕೂರುವವಳು. ಹಾಸನಕ್ಕೆ ಬಸ್ಸಿನಲ್ಲಿ ಓಡಾಡಿ ಎಸ್‌ಕ್ಯೂಎಲ್ ಎಂಬ, ಪಟ್ಟಿಗಳನ್ನು ನಿಭಾಯಿಸುವ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದಳು. ಯಾರಿಗೂ ಎದುರಾಡದವಳು, ಆದರೆ ಮಹಾ ಹಟಮಾರಿ.

ಬಿತ್ತನೆ ಆಲೂಗೆಡ್ಡೆ ಬಂತೆಂದರೆ ನಮ್ಮಲ್ಲಿ ಜನಕ್ಕಿಂತ ಮೊದಲು ಚಪ್ಪಲಿಗಳು ಸಾಲು ನಿಲ್ಲುತ್ತವೆ. ಚಪ್ಪಲಿ ಇಟ್ಟ ಕ್ರಮದಲ್ಲೇ ಟೋಕನ್. ಅಕ್ಕನ ಚಪ್ಪಲಿ ಪಕ್ಕದಲ್ಲಿ ತಮ್ಮ ತನ್ನದನ್ನೂ ತುರುಕಿದರೆ, ಜಗಳ ಬೇಡವೆಂದು ಅವನಿಗೆ ‘9ಅ’ ಎಂದು ಬರೆದುಕೊಡುತ್ತೇವೆ. ಹೀಗೆ ಅಕ್ಷರವೂ ಸೇರುವುದರಿಂದ ತೇಜಶ್ರೀ ಟೋಕನ್ ಕಾಲಮ್ಮನ್ನು ಸಂಖ್ಯೆ ಅನ್ನದೆ ಅಕ್ಷರ ಎಂದೇ ಕಂಪ್ಯೂಟರಿಗೆ ತಿಳಿಸಿದ್ದಳು.

ಪರದೆಯ ಮೇಲೆ ಬಂದ ಹೆಸರುಗಳನ್ನು ನಾನು ಕೂಗುತ್ತಾ ಹೋದೆ. ಗದ್ದಲದಲ್ಲಿ ಕೆಲವರು ಮೂಟೆ ಹೊತ್ತುಕೊಂಡು ಹೋದರು. ಆಮೇಲೆ ಅಮರನಾಥ ಬಂದ. ತೇಜಶ್ರೀಯ ಅಪ್ಪ. ತನ್ನ ಮೂಟೆಯನ್ನು ಆಟೋಗೆ ಹಾಕಿಕೊಂಡ.

“ಏನಯ್ಯಾ ಷಡಕ್ಷರಿ!” ಸಾಲಿನಲ್ಲಿದ್ದ ಬೀರಮ್ಮ ಕಿಟಕಿಗೇ ನುಗ್ಗಿದಳು. “ನಂದು ಒಂಬತ್ತು. ಆವಯ್ಯಂದು ನೂರಾ ನಾಕು. ಮಗ್ಳು ಒಳಗ್ ಕೂತವ್ಳೆ ಅಂತ ಅಪ್ಪಂಗೆ ಮೊದ್ಲೇ ಕೊಟ್ಬುಟ್ರಾ?”

“ಬೇಲಿನೇ ಎದ್ದು ವಲ ಮೇಯ್ತಾ ಅದಲ್ಲಾ!” ಸಾಲಿನಿಂದ ರಂಗಣ್ಣ ಕೂಗಿದ. “ಈಚೆಗ್ ಕರೀರಿ ಅವಳ್ನ!”

ಬಾಗಿಲಿಗೆ ಗುದ್ದುಗಳು ಬಿದ್ದವು. ಚಿಲಕ ಹಾಕಲು ಓಡಿದೆ.

“ಹಾಕ್ಬೇಡಿ ಮಾಮ,” ಎಂದಳು ತೇಜಶ್ರೀ. “ಹಾಕಿದ್ರೆ ಕದ್ದಿದ್ದೇ ನಿಜ ಅಂತಾರೆ.” ಆಮೇಲೆ ಪರದೆ ನೋಡಿ ತಲೆ ಚಚ್ಚಿಕೊಂಡಳು. “ಅಯ್ಯೋ! ಅಕ್ಷರ ಅಂತ ಹೇಳಿದ್ದಕ್ಕೆ ಇದು ಎಡದಿಂದ ಒಂದೊಂದೇ ಅಂಕಿ ಹೋಲಿಸಿದೆ. ನೂರಾ ನಾಲ್ಕು ಶುರುವಾಗೋದು ಒಂದರಿಂದ. ಒಂಬತ್ತಕ್ಕಿಂತ ಒಂದು ಚಿಕ್ಕದಲ್ವಾ? ಅದಕ್ಕೇ ಅಪ್ಪ ಮುಂದೆ ಬಂದವ್ರೆ.”

“ಇದನ್ನ ಅವರಿಗೆ ಹೇಳ್ತೀಯೇನವ್ವಾ? ತಲೆ ಒಡೀತಾರೆ!”

ಅವಳು ಅಂಕಿಯನ್ನು ಒಂದು ಕಾಲಮ್ಮಿಗೆ ಸಂಖ್ಯೆಯಾಗಿ ಹಾಕಿದಳು, ಅಕ್ಷರವನ್ನು ಇನ್ನೊಂದಕ್ಕೆ. ಸಾಲು ಜೋಡಿಸಲು ಹೇಳುವ ‘ಆರ್ಡರ್ ಬೈ’ ಮುಂದೆ ಮೊದಲು ಅಂಕಿ, ನಂತರ ಅಕ್ಷರ ಎಂದು ಬರೆದಳು. ಪರದೆಯನ್ನು ಕಿಟಕಿಯತ್ತ ತಿರುಗಿಸಿದಳು. ಒಂದು, ಎರಡು, ಮೂರು... ಒಂಬತ್ತು ಬೀರಮ್ಮ, ಅದರ ಬೆನ್ನಿಗೇ ‘9ಅ’ ಅವಳ ತಮ್ಮ. ರಂಗಣ್ಣನೇ ಗಟ್ಟಿಯಾಗಿ ಓದಿದ.

“ಸಾಲೇನೋ ಸರಿ ಓಯ್ತು,” ಎಂದಳು ಬೀರಮ್ಮ. “ಎತ್ಕೊಂಡ್ ಓದ ಮೂಟೆ?”

ತೇಜಶ್ರೀ ಹೊರಗೆ ಬಂದು ನೇರ ಅಪ್ಪನ ಆಟೋ ಹತ್ತಿರ ಹೋದಳು.

“ಇಳ್ಸಪ್ಪ.”

“ವಲ ಉತ್ತು ಸಾಲು ಒಡ್ಸಿವ್ನಿ ಕಣವ್ವಾ.”

“ಗೊತ್ತಪ್ಪ. ಇಳ್ಸು.”

ಅಮರನಾಥ ಮಗಳ ಮುಖ ನೋಡಿದ. ಮೂಟೆಯನ್ನು ತಾನೇ ಹೊತ್ತು ತಂದು ನನ್ನ ಮುಂದೆ ಇಳಿಸಿದ. ಅವನನ್ನು ಕಂಡು, ಸಾಲು ತಪ್ಪಿ ಒಯ್ದಿದ್ದ ಉಳಿದವರೂ ಒಬ್ಬೊಬ್ಬರೇ ತಂದಿಟ್ಟರು.

ಹೊಸ ಪಟ್ಟಿಯಂತೆ ಮತ್ತೆ ಕೂಗುತ್ತಾ ಹೋದೆ; ಟೋಕನ್ ನೂರು ತಲುಪುವ ಮೊದಲೇ ಗೆಡ್ಡೆ ಮುಗಿಯಿತು.

“ನನ್ ಬಾಯಿಗ್ ಮಣ್ಣಾಕ, ಏನೇನೋ ಅಂದ್ಬುಟ್ಟೆ,” ಎಂದು ಬೀರಮ್ಮ ಕಣ್ಣೊರೆಸಿಕೊಂಡಳು. ತೇಜಶ್ರೀ ಅಂಗಳದ ತುದಿಯಲ್ಲಿ ಉಳಿದಿದ್ದ ಅಪ್ಪನ ಚಪ್ಪಲಿ ತಂದು ಅವನ ಕಾಲ ಬಳಿ ಇಟ್ಟಳು. ಅಲ್ಲಿಯವರೆಗೆ ತಡೆದವಳು ಆಗ ಬಿಕ್ಕಿ ಬಿಕ್ಕಿ ಅತ್ತಳು.

“ಅಳಬ್ಯಾಡ ಕಣವ್ವಾ,” ಎಂದ ಅಮರನಾಥ ಚಪ್ಪಲಿ ಮೆಟ್ಟುತ್ತಾ. “ಗೆಡ್ಡೆ ಇಲ್ದಿದ್ರೆ ಜೋಳ ಆಕ್ತೀನಿ. ನಿನ್ ಎಸ್ರು ಓಗಿದ್ರೆ ನಾನೆಲ್ಲಿಂದ ತರ್ಲಿ?”