ಹೊಗೆ ಎತ್ತ ಹೋಗುತ್ತದೆ?

ಎಪ್ಪತ್ತರ ದಶಕದ ಮೊದಲಲ್ಲಿ, ಅಕ್ಕಲಕೋಟೆ ಕಡೆಯ ಒಕ್ಕಲು ಮನೆತನದಿಂದ ಸೊಲ್ಲಾಪುರದ ಬಟ್ಟೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದೆ. ಅಲ್ಲಿ ಜೋಳ ಹಸನು ಮಾಡಲು ಬರುತ್ತಿದ್ದ ಹೆಂಗಸು ನಮ್ಮ ಕಡೆಯವಳೇ, ತಡವಳದವಳು. ಉಳಿದ ಹೊತ್ತಿನಲ್ಲಿ ಬೀಡಿ ಕಟ್ಟುತ್ತಿದ್ದಳು. ಸದಾ ಕೆಮ್ಮು, ಕೆಂಪಾದ ಕಣ್ಣು. ತಂಬಾಕಿನ ಘಾಟು ಇರಬೇಕು ಅಂದುಕೊಂಡಿದ್ದೆ.

"ತಂಬಾಕ ಅಲ್ರಿ ಅಕ್ಕಾರ, ನಮ್ಮನಿ ಒಲಿ. ಒಮ್ಮಿ ಬಂದು ನೋಡ್ರಿ," ಎಂದಳು.

ಹೋದೆ. ಬಟ್ಟೆ ಗಿರಣಿಯ ಹಿಂದಿನ ಕೂಲಿಕಾರರ ವಸ್ತಿಯಲ್ಲಿ ತಗಡಿನ ಒಂದೇ ಕೋಣೆ, ಕಿಟಕಿಯಿಲ್ಲ. ಒಲೆ ಹೊತ್ತಿಸಿದ್ದೇ ತಡ, ಎದುರು ಕೂತವಳ ಮುಖವೇ ಕಾಣದಾಯಿತು. ನನ್ನ ತವರಿನ ಅಡಿಗೆಮನೆಗೆ ಬೆಳಕಿಂಡಿ ಇತ್ತು. ಇಲ್ಲಿ ಹೊಗೆಗೊಂದು ದಾರಿ ಮಾಡಿಕೊಟ್ಟರೆ ಏನಾದೀತು? ವಾರವೆಲ್ಲ ಅದೇ ಯೋಚನೆ.

ಕುಂಬಾರನಿಂದ ಮಣ್ಣಿನ ಕೊಳವೆ ಮಾಡಿಸಿದೆ. ಇಬ್ಬರೂ ಕೂಡಿ ಒಲೆಯನ್ನು ಮುಚ್ಚಿ ಕಟ್ಟಿ, ಹಿಂಬದಿಯಿಂದ ಕೊಳವೆಯನ್ನು ತಗಡಿನ ಚಾವಣಿಯ ಮೇಲಕ್ಕೆ ಹಾಯಿಸಿದೆವು. ಉರಿ ಹಚ್ಚಿದರೆ ಹೊಗೆಯೆಲ್ಲ ಒಲೆಯ ಬಾಯಿಂದಲೇ ಬಂತು! ನೋಡಲು ನೆರೆದ ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೆ ನಾಚಿಕೆಯಾಯಿತು. ಆದರೆ ಯಾಕೆ ಹೀಗಾಯಿತೆಂಬ ಕುತೂಹಲ ಅದಕ್ಕಿಂತ ಹೆಚ್ಚಾಗಿತ್ತು.

ತಡವಳದಾಕೆ ಒಂದು ಬೀಡಿ ಹೊತ್ತಿಸಿ, ಏಣಿ ಹತ್ತಿ, ಕೊಳವೆಯ ತುದಿಗೆ ಹಿಡಿದಳು. ಬೀಡಿಯ ಹೊಗೆ ಮೇಲೇರದೆ ಕೊಳವೆಯೊಳಕ್ಕೆ ನುಗ್ಗಿತು.

"ಗಾಳಿ ಬಾಜೂ ಮನಿ ಗ್ವಾಡಿಗಿ ಬಡದು ಹೊಳ್ಳಿ ಬರಾಕತ್ತೈತ್ರಿ. ಕೊಳವಿ ಗ್ವಾಡಿಗಿಂತ ಎತ್ತರ ಆಗಬೇಕು."

"ನಿನಗ ಹ್ಯಾಂಗ ತಿಳೀತು?"

"ದಿನಾ ಹೊಗ್ಯಾಗ ಕೂಡಾಕಿ ನಾನ ಅಲ್ಲೇನ್ರಿ?"

ಇನ್ನೆರಡು ಕೊಳವೆ ಏರಿಸಿದೆವು. ಮರುದಿನ ಹೊಗೆ ಸರಸರನೆ ಮೇಲೆ ಹೋಯಿತು. ನಕ್ಕವರೇ ಒಬ್ಬೊಬ್ಬರಾಗಿ ಒಳಗೆ ಬಂದು ಕೂತು, ಉಸಿರೆಳೆದು ನೋಡಿದರು. ತಮಗೂ ಬೇಕೆಂದರು. ನಾನು ಪುಕ್ಕಟೆ ಮಾಡಿಕೊಡೋಣವೆಂದೆ. ಆಕೆ ಒಪ್ಪಲಿಲ್ಲ.

"ಇದು ನಮಗ ಉದ್ಯೋಗ ಆಗ್ಲಿ ಅಕ್ಕಾರ. ನೀವು ಬ್ಯಾಸತ್ತು ಬಿಟ್ರೂ ನಡೀಬೇಕು."

ಆ ಮಾತು ನನಗೆ ಚುಚ್ಚಿತು, ಆದರೆ ಖರೆ ಇತ್ತು. ಆಕೆ ಓಣಿಯ ಇಬ್ಬರು ಹೆಂಗಸರಿಗೆ ಒಲೆ ಕಟ್ಟುವುದನ್ನು ಕಲಿಸಿದಳು. ಕೊಳವೆ ಮಾಡಿಸುವುದು ನನ್ನ ಪಾಲು. ಮೊದಲ ಮಳೆಗಾಲದಲ್ಲಿ ತಗಡು ಸೋರಿ ಕೆಲವು ಒಲೆ ನೆನೆದು ಕುಸಿದವು. ಮಣ್ಣಿಗೆ ಹೊಟ್ಟು, ಸಗಣಿ ಬೆರೆಸಿ ಮತ್ತೆ ಕಟ್ಟಿದೆವು. ವ್ಯಾಪಾರಸ್ಥರ ಸೊಸೆ ಮಣ್ಣು ಕಲಸುತ್ತಾಳೆಂದು ಸಿಡುಕುತ್ತಿದ್ದ ನಮ್ಮತ್ತೆ ಒಂದು ಮಧ್ಯಾಹ್ನ ತಾವೇ ವಸ್ತಿಗೆ ಬಂದು, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಳಗೆ ಬಗ್ಗಿ ನೋಡಿದರು.

ಮುಂದೆ ಮಂದ್ರೂಪ ಎಂಬ ಹಳ್ಳಿಯಿಂದಲೂ ಒಲೆ ಕಟ್ಟಲು ಕರೆ ಬಂತು. ಬಸ್ಸಿನ ಟಾಪಿನ ಮೇಲೆ ಕೊಳವೆಗಳನ್ನು ಕಟ್ಟಿಸಿ, ಆ ಮೂವರೇ ಹೊರಟರು. ನನ್ನನ್ನು ಕರೆಯಲಿಲ್ಲ. ನಾನು ಬಿಟ್ಟರೂ ನಡೆಯಬೇಕೆಂದಿದ್ದಳಲ್ಲ, ನಡೆಯಿತು.